ಚರ್ಚಿನ ಸೂರಿನ ನೀರು

ನಮ್ಮೂರ ಚರ್ಚಿನ ಉತ್ತರದ ಗೋಡೆಗೆ ಅಂಗೈ ಒತ್ತಿ ಹಿಡಿದರೆ ಕಡು ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಕ್ಕೆ ನಡೆದರೆ ಸಿಗುವ ಊರು ಅದು. ಬಂಡೆ ಒಮ್ಮೆ ಕಾದರೆ ಹೊತ್ತು ಮುಳುಗಿದ ಮೇಲೂ ಆರದ ಸೀಮೆ. ಅಂಥ ಕಡೆ ಆ ಒಂದು ಗೋಡೆ, ಅದರಲ್ಲೂ ಮೂರನೆಯ ಕಿಟಕಿಯ ಕೆಳಗಿನ ಜಾಗ, ಸದಾ ಒದ್ದೆ. ಸೂರಿನಿಂದ ಬೀಳುವ ಮಳೆನೀರೇ ಅದಕ್ಕೆ ಕಾರಣ ಎಂದು ಊರಿಗೆಲ್ಲ ಗೊತ್ತಿತ್ತು. ಆದರೆ ಆ ಸೂರಿನಡಿ, ಗೋಡೆಯ ಹೊರಮಗ್ಗುಲಲ್ಲಿ, ನನ್ನ ಅಕ್ಕ ಇದ್ದಾಳೆ ಎನ್ನುವುದು ಮೂರು ಜನಕ್ಕೆ ಮಾತ್ರ ಗೊತ್ತಿತ್ತು: ಅಜ್ಜಿಗೆ, ಅಮ್ಮನಿಗೆ, ಆಮೇಲೆ ನನಗೆ.

ಅಪ್ಪನಿಗೆ ಗೊತ್ತಿರಲಿಲ್ಲ. ಅವರೋ ಆ ಚರ್ಚಿನ ಉಪದೇಶಿ. ಅಂದರೆ ಮಕ್ಕಳಿಗೆ ಜಪ ಕಲಿಸುವವರು, ಫಾದರ್ ಇಲ್ಲದ ದಿನ ಪ್ರಾರ್ಥನೆ ನಡೆಸುವವರು, ಬಾಗಿಲ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡು ತಿರುಗುವವರು. ಆ ಕಟ್ಟಡದ ಒಂದೊಂದು ಕಲ್ಲೂ ನನಗೆ ಗೊತ್ತು ಎಂದು ಹೇಳಿಕೊಳ್ಳುತ್ತಿದ್ದರು. ಅವರು ಹಾಗೆ ಹೇಳಿದಾಗಲೆಲ್ಲ ಅಮ್ಮ ಎದ್ದು ಒಲೆ ಕಡೆ ಹೋಗುತ್ತಿದ್ದರು.

ಚರ್ಚು ಕಟ್ಟಿಸಿದವರು ಪರಂಗಿ ಸ್ವಾಮಿಗಳಂತೆ. ಕಲ್ಲು ಮಾತ್ರ ನಮ್ಮ ಬೆಟ್ಟದ್ದೇ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ದಂಡೆಯ ಮೇಲೆ ಒಬ್ಬರು ಆರಾಮಾಗಿ ಅಡ್ಡಾಗಬಹುದು. ಮೇಲೆ ತೇಗದ ತೊಲೆ, ಅದರ ಮೇಲೆ ಮಂಗಳೂರು ಹೆಂಚು, ಹೆಂಚಿನ ಸಂದಿಯಲ್ಲಿ ಬಾವಲಿಗಳ ಸಂಸಾರ. ಕಿಟಕಿಗಳ ತುದಿ ಚೂಪು. ಅವುಗಳಿಗೆ ಕೆಂಪು, ನೀಲಿ ಗಾಜು. ಬೆಳಗಿನ ಪೂಜೆಯ ಹೊತ್ತಿಗೆ ಆ ಬಣ್ಣ ಗಂಡಸರ ತಲೆಯ ಮೇಲೆ ಬೀಳುತ್ತಿತ್ತು, ಏಕೆಂದರೆ ಬಿಸಿಲು ಬರುವ ಕಡೆ ಕೂರುತ್ತಿದ್ದವರು ಅವರು. ಹೆಂಗಸರದು ಉತ್ತರದ ಗೋಡೆ. ಆ ಕಡೆ ಬಿಸಿಲೂ ಇಲ್ಲ, ಬಣ್ಣವೂ ಇಲ್ಲ. ಬೆಂಚುಗಳಿಲ್ಲದ ಚರ್ಚು ನಮ್ಮದು, ಎಲ್ಲರೂ ನೆಲದ ಮೇಲೆಯೇ. ಚಪ್ಪಡಿಯ ತಣುಪು ಕುಂಡೆಗೇರಿ ಬೆನ್ನು ಹಿಡಿಯುತ್ತಿತ್ತು ಎಂದು ಅಜ್ಜಿ ದೇವರ ಮುಂದೆಯೇ ಗೊಣಗುತ್ತಿದ್ದಳು.

ಎದುರಿಗೆ ಮರದ ದೊಡ್ಡ ಪೀಠ. ಬಿಳಿ ಬಣ್ಣ, ಅದರ ಮೇಲೆ ಚಿನ್ನದ ಗೀಟು, ಗೂಡು ಗೂಡಿನಲ್ಲೂ ಒಬ್ಬೊಬ್ಬ ಸಂತರು. ಕೆಂಪು ಗಾಜಿನ ದೀಪ ಸರಪಣಿಯಲ್ಲಿ ತೂಗುತ್ತ ಒಂದೇ ಸಮ ಉರಿಯುತ್ತಿತ್ತು. ಪೀಠದ ಮುಂದಿನ ನೆಲದಲ್ಲಿ ಹಳೆಯ ಪರಂಗಿ ಸ್ವಾಮಿಗಳ ಗೋರಿಯ ಚಪ್ಪಡಿಗಳು, ಅವುಗಳ ಮೇಲೆ ಯಾರಿಗೂ ಓದಲು ಬಾರದ ಅಕ್ಷರ. ದಾಟಿ ಹೋಗುವಾಗ ನಾವು ಕಾಲು ಎತ್ತಿ ಎತ್ತಿ ಹಾಕಬೇಕು, ತುಳಿಯಬಾರದು. ಪಕ್ಕದ ಚಿಕ್ಕ ಪೀಠದ ಕೆಳಗೆ ಗಾಜಿನ ಪೆಟ್ಟಿಗೆ. ಅದರೊಳಗೆ ಶಿಲುಬೆಯಿಂದ ಇಳಿಸಿದ ಯೇಸುಸ್ವಾಮಿ ಕಣ್ಣು ಅರೆ ಮುಚ್ಚಿ ಮಲಗಿದ್ದರು. ವರ್ಷಕ್ಕೊಂದು ಸಲ, ಶುಭ ಶುಕ್ರವಾರ ಮಾತ್ರ ಹೊರಗೆ ತೆಗೆಯುತ್ತಿದ್ದರು. ಮಿಕ್ಕ ದಿನವೆಲ್ಲ ಅವರು ಅಲ್ಲೇ. ಶುಭ ಶುಕ್ರವಾರಕ್ಕೆ ಮುಂಚಿನ ತಪಸ್ಸುಕಾಲ ಬಂತೆಂದರೆ ಎಲ್ಲ ವಿಗ್ರಹಗಳಿಗೂ ನೇರಳೆ ಬಟ್ಟೆಯ ಮುಸುಕು. ಆ ಮುಸುಕಿನ ಆಕಾರಗಳ ನಡುವೆ ಸಂಜೆ ದೀಪ ಹಚ್ಚಲು ನನ್ನನ್ನೇ ಕಳಿಸುತ್ತಿದ್ದರು ನಮ್ಮಪ್ಪ, ಉಪದೇಶಿಯ ಮಗಳಿಗೆ ಹೆದರಿಕೆ ಎಂಥದ್ದು ಅಂತ. ಹೆದರಿಕೆ ಇತ್ತು ಸ್ವಾಮಿ, ಬೇಕಾದಷ್ಟಿತ್ತು. ಆದರೆ ಮುಸುಕು ಹಾಕಿಕೊಂಡವರದಲ್ಲ.

ಗೋಡೆಯುದ್ದಕ್ಕೂ ಶಿಲುಬೆಯ ಹಾದಿಯ ಚಿತ್ರಗಳಿದ್ದವು, ಗಾರೆಯ ಮೇಲೇ ಬರೆದವು. ಮೂರನೆಯ ಕಿಟಕಿಯ ಪಕ್ಕದ್ದು, ಯೇಸುವನ್ನು ನೋಡಿ ಜೆರುಸಲೇಮಿನ ಹೆಂಗಸರು ಅಳುವ ಚಿತ್ರ. ಒಂದು ಹೆಂಗಸಿನ ಕಂಕುಳಲ್ಲಿ ಕೂಸಿತ್ತು. ಅದರ ಕೆಳಗೇ ತೇವದ ಕಲೆ. ಪ್ರತಿ ಕ್ರಿಸ್‌ಮಸ್ಸಿಗೆ ಅಪ್ಪ ನಿಂತು ಸುಣ್ಣ ಹೊಡೆಸುತ್ತಿದ್ದರು. ತಪಸ್ಸುಕಾಲ ಬರುವಷ್ಟರಲ್ಲಿ ಕಲೆ ಅದೇ ಜಾಗದಲ್ಲಿ ಮತ್ತೆ ಹಾಜರ್. ನಾನು ಸಣ್ಣವಳಿದ್ದಾಗ ಅದು ಮೊಣಕಾಲುದ್ದ ಇತ್ತು. ನಾನು ಬೆಳೆದ ಹಾಗೆ ಅದೂ ಏರಿತು. ಅಮ್ಮ ಕೂರುತ್ತಿದ್ದದ್ದು ಅದಕ್ಕೆ ಒರಗಿಕೊಂಡೇ. ಸೀರೆಯ ಬೆನ್ನು ಒದ್ದೆಯಾಗಿ, ಸುಣ್ಣ ಅಂಟಿಕೊಂಡು, ಪೂಜೆ ಮುಗಿದ ಮೇಲೆ ಹೆಂಗಸರೆಲ್ಲ ಕೊಡವುವವರೇ. ಮುಂದೆ ಜಾಗ ಇದೆಯಲ್ಲ, ಅಲ್ಲಿ ಕೂರಬಾರದಾ ಎಂದು ಯಾರಾದರೂ ಕೇಳಿದರೆ ಅಮ್ಮ ಕೇಳಿಸದವರ ಹಾಗೆ ಚಪ್ಪಲಿ ಹುಡುಕುತ್ತಿದ್ದರು.

ಒಂದು ದಿನ ಹೊರಗಡೆ ಅದೇ ಗೋಡೆಯ ಬುಡದಲ್ಲಿ ನಾನು ಕುಂಟೆಬಿಲ್ಲೆ ಆಡುತ್ತಿದ್ದೆ. ಸೂರಿನ ನೀರು ಬಿದ್ದು ಬಿದ್ದು ನೆಲದಲ್ಲಿ ಸಾಲು ಗುಳಿಗಳಾಗಿದ್ದವು. ಒಂದು ಕಡೆ ಮಾತ್ರ ಗುಳಿಯಿಲ್ಲದೆ ಒಂದು ಚಪ್ಪಟೆ ಕಲ್ಲು. ಬಿಲ್ಲೆ ಎಸೆಯಲು ಹೇಳಿ ಮಾಡಿಸಿದಂತಿತ್ತು. ಕಲ್ಲಿನ ಮೇಲೆ ಒಂಟಿಕಾಲಲ್ಲಿ ಕುಪ್ಪಳಿಸಿದೆನೋ ಇಲ್ಲವೋ, ಎಲ್ಲಿದ್ದರೋ ಅಮ್ಮ, ಬಂದವರೇ ಕೆನ್ನೆಗೊಂದು ಬಿಟ್ಟರು. ಅಮ್ಮ ಹೊಡೆಯುವವರಲ್ಲ. ಹೊಡೆದ ಮೇಲೆ ನನ್ನನ್ನು ಸಮಾಧಾನ ಮಾಡಲಿಲ್ಲ. ಬಗ್ಗಿ ಸೆರಗಿನಿಂದ ಆ ಕಲ್ಲನ್ನು ಒರೆಸಿದರು. ನನಗೆ ಅಳು ಬಂದದ್ದು ಅದನ್ನು ನೋಡಿ. ಏಟು ತಿಂದವಳು ನಾನು, ಒರೆಸಿಸಿಕೊಂಡದ್ದು ಕಲ್ಲು!

ಆ ಸಂಜೆ ಅಜ್ಜಿ ನನ್ನನ್ನು ಹುಳುಮನೆಯ ಹಿಂದೆ ಕೂರಿಸಿಕೊಂಡು ಎಲ್ಲ ಹೇಳಿದಳು. ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದೆವು. ಹುಳುಮನೆ ಎಂದರೆ ದೇವರ ಕೋಣೆಗಿಂತ ಒಂದು ಕೈ ಹೆಚ್ಚು. ಮುಟ್ಟಾದವರು ಹೊಸಿಲು ದಾಟುವಂತಿಲ್ಲ, ಬಾಣಂತಿಯ ನೆರಳೂ ಬೀಳುವಂತಿಲ್ಲ. ಮೈಲಿಗೆ ತಗುಲಿದರೆ ಹುಳು ಸಪ್ಪೆ ರೋಗ ಬಂದು ಮಕಾಡೆ ಸಾಯುತ್ತವೆ ಎಂದು ನಮ್ಮ ಸೀಮೆಯಲ್ಲಿ ಎಲ್ಲ ಜಾತಿಯವರೂ ನಂಬುತ್ತಿದ್ದರು, ಕ್ರೈಸ್ತರಾದ ನಾವೂ. ಅಪ್ಪ ತಾಯಿತ ಕಟ್ಟಿಕೊಂಡವರನ್ನು ಕಂಡರೆ ಉರಿದುಬೀಳುವವರು. ದೃಷ್ಟಿ ತೆಗೆಯುವವರಿಗೆ ಪ್ರಸಾದ ಕೊಡಿಸುತ್ತಿರಲಿಲ್ಲ. ಹುಳುವಿನ ಮೈಲಿಗೆಯ ವಿಷಯ ಬಂದಾಗ ಮಾತ್ರ ಅವರ ಬಾಯಿ ಬಂದ್. ಬೆಳೆ ಹಾಳಾದರೆ ಯಾರು ಜವಾಬ್ದಾರಿ?

ಅಕ್ಕ ಹುಟ್ಟಿದ ದಿನ ಅಪ್ಪ ಪೆರೇಸಂದ್ರದ ಕಡೆಯ ಹಳ್ಳಿಗಳಿಗೆ ಉಪದೇಶ ಹೇಳಲು ಹೋಗಿದ್ದರು. ದಿನ ತುಂಬುವ ಮೊದಲೇ ಬಂದುಬಿಟ್ಟಳು ಅವಳು. ಉಸಿರಿತ್ತು, ಆದರೆ ಎಳೆದು ಎಳೆದು ಬರುತ್ತಿತ್ತು. ನಿಲ್ಲುವ ಕೂಸಲ್ಲ ಎಂದು ಅಜ್ಜಿಗೆ ನೋಡಿದೊಡನೆ ತಿಳಿಯಿತು. ಸಾಯುವ ಕೂಸಿಗೆ ಯಾರು ಬೇಕಾದರೂ ತಲೆಯ ಮೇಲೆ ನೀರು ಹಾಕಿ, ಆ ಒಂದು ಸಾಲು ಮಾತು ಹೇಳಿ, ಜ್ಞಾನಸ್ನಾನ ಕೊಡಬಹುದು. ಫಾದರೇ ಬೇಕಿಲ್ಲ, ಗಂಡಸೇ ಬೇಕಿಲ್ಲ. ಇದನ್ನು ಊರೂರಿಗೆ ಹೋಗಿ ಕಲಿಸುತ್ತಿದ್ದವರೇ ನಮ್ಮಪ್ಪ. ಆದರೆ ಅಜ್ಜಿಯ ನಾಲಿಗೆ ತೆಲುಗಿನದು. ಜಪದಲ್ಲಿ ಒಂದಕ್ಷರ ಜಾರಿದರೂ ಅಪ್ಪ ಇಡೀ ಸಭೆಯನ್ನು ನಿಲ್ಲಿಸಿ ಮೊದಲಿನಿಂದ ಹೇಳಿಸುತ್ತಿದ್ದರು, ಹೆತ್ತ ತಾಯಿಯೆಂದು ಅಜ್ಜಿಯನ್ನೂ ಬಿಡುತ್ತಿರಲಿಲ್ಲ. ತಪ್ಪು ಮಾತಿನಲ್ಲಿ ಕೊಟ್ಟ ಜ್ಞಾನಸ್ನಾನ ನಿಲ್ಲುವುದಿಲ್ಲ ಎಂದು ಬೇರೆ ಹೇಳಿಟ್ಟಿದ್ದರು. ಬಾಣಂತಿಯನ್ನು ಕೇಳಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ; ಹಾಗಾಗಿ ಅಜ್ಜಿ ಸರಿಯಾಗಿ ಹೇಳಬಲ್ಲವರನ್ನು ಕರೆತರಲು ರಸ್ತೆಗೆ ಓಡಿದಳು.

ಮನೆಯಲ್ಲಿ ಉಳಿದದ್ದು ಅಮ್ಮ, ಕೂಸು, ಒಂದು ಚೊಂಬು ನೀರು. ಅಮ್ಮನಿಗೆ ಆ ಒಂದು ಸಾಲು ಬರುತ್ತಿತ್ತು. ಗಂಡ ಹಗಲೂ ರಾತ್ರಿ ಒಪ್ಪಿಸುವುದನ್ನು ಕೇಳಿ ಕೇಳಿ ಬಾಯಿಪಾಠ. ಆದರೆ ಮೈ ತುಂಬ ಹೆರಿಗೆಯ ರಕ್ತ. ಹುಳುಮನೆಗೇ ಸೇರಿಸದ ಮೈ, ಪಿತ ಸುತ ಪವಿತ್ರಾತ್ಮರ ಹೆಸರು ಎತ್ತಬಹುದಾ ಎಂದು ಅವರಿಗೆ ಅನುಮಾನ ಬಂತು. ಕೈ ಚೊಂಬಿನವರೆಗೆ ಹೋಗಿ ವಾಪಸ್ಸು ಬಂತಂತೆ. ಅಜ್ಜಿ ಒಬ್ಬಳೇ ಏದುಸಿರು ಬಿಡುತ್ತ ತಿರುಗಿ ಬಂದಾಗ ಕೂಸು ತಣ್ಣಗಾಗಿತ್ತು. ಚೊಂಬಿನ ನೀರು ತುಂಬಿದಂತೆಯೇ ಇತ್ತು.

ಜ್ಞಾನಸ್ನಾನವಾಗದ ಕೂಸಿಗೆ ಚರ್ಚಿನ ಸ್ಮಶಾನದಲ್ಲಿ ಜಾಗವಿರಲಿಲ್ಲ. ಅಂಥವನ್ನು ಕೆರೆ ಏರಿಯ ಆಚೆ ಜಾಲಿ ಪೊದೆಯಲ್ಲಿ ಹೂಳುತ್ತಿದ್ದರು. ಬೇರೆ ತಾಯಂದಿರಿಗೆ ಆ ಕಡೆ ಕೈ ತೋರಿಸಿ ಕಳಿಸಿದವರೂ ಅಪ್ಪನೇ. ಮಾರನೆಯ ದಿನ ಅವರು ಬಂದಾಗ, ಕೆರೆ ಏರಿಯ ಆಚೆ ಮಾಡಿಸಿದೆ ಎಂದಳು ಅಜ್ಜಿ. ಅಪ್ಪ ತಲೆ ಆಡಿಸಿದರಂತೆ. ಎಲ್ಲಿ, ಯಾವ ಪೊದೆ, ಏನೂ ಕೇಳಲಿಲ್ಲ.

ಅಜ್ಜಿ ಮಾಡಿದ್ದೇ ಬೇರೆ. ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಚರ್ಚಿನ ಹಿಂದೆ ಹೋಗಿ, ಸೂರಿನ ನೀರು ಬೀಳುವ ಸಾಲಿನಲ್ಲಿ ಅಗೆದು, ಮೇಲೊಂದು ಕಲ್ಲು ಎಳೆದಿದ್ದಳು.

"ಅದು ಸ್ಮಶಾನ ಅಲ್ಲ, ಅಲ್ಲಿ ಬೇಡ ಅನ್ನೋಕೆ ಯಾರಿಗೂ ಹಕ್ಕಿಲ್ಲ," ಎಂದಳು ನನ್ನ ಗಲ್ಲ ಹಿಡಿದು. "ಚರ್ಚು ತಲೆ ಮೇಲಿಂದ ಬಿದ್ದ ನೀರು ಅಂದ್ರೆ ತೀರ್ಥಾನೇ ಕಣಮ್ಮಾಯಿ. ನಾವು ಹಾಕದ ನೀರು ಮಳೆ ಹಾಕ್ತದೆ. ಒಂದು ಸಲ ಅಲ್ಲ, ಪ್ರತಿ ವರ್ಷ ಹಾಕ್ತದೆ. ನಿಮ್ಮಪ್ಪಂಗೆ ಮಾತ್ರ ಹೇಳಬೇಡ. ಅವನು ನ್ಯಾಯಸ್ಥ, ಅಗೆದು ತೆಗೀತಾನೆ."

ಅದಾದ ಕೆಲವೇ ವರ್ಷಕ್ಕೆ ಅಜ್ಜಿ ಹೋದಳು. ಗುಟ್ಟು ನನಗೂ ಅಮ್ಮನಿಗೂ ಉಳಿಯಿತು. ನಾವಿಬ್ಬರೂ ಅದರ ಬಗ್ಗೆ ಮಾತಾಡಿದ್ದು ತೀರ ಕಡಿಮೆ. ಆದರೆ ನನ್ನ ಬಾಲ್ಯವೆಲ್ಲ ಆ ಗೋಡೆಯ ಕಡೆ ಒಂದು ಕಣ್ಣಿಟ್ಟುಕೊಂಡೇ ಕಳೆಯಿತು. ಜಪದ ನಡುವೆ ಹೆಂಚು ಆರುವ ಟಿಕ್ ಟಿಕ್ ಸದ್ದು ಕೇಳಿದರೆ ಅವಳು ಉಗುರಿನಿಂದ ಕೆರೆಯುತ್ತಿದ್ದಾಳೆ ಎನಿಸುತ್ತಿತ್ತು. ಹೊಸ ಲಂಗ ಹಾಕಿಕೊಂಡ ದಿನ ಆ ಕಡೆ ಕೂರಲು ನಾಚಿಕೆ. ಪೆಪ್ಪರ್‌ಮಿಂಟು ಸಿಕ್ಕರೆ ಅರ್ಧ ಕಚ್ಚಿ ಅರ್ಧ ಆ ಕಲ್ಲಿನ ಮೇಲೆ ಇಟ್ಟು ಬರುತ್ತಿದ್ದೆ. ಇರುವೆ ತಿನ್ನುತ್ತಿದ್ದವು, ನನಗೂ ಗೊತ್ತಿತ್ತು, ಆದರೂ ಇಡದೆ ಬಂದರೆ ನಿದ್ದೆ ಹತ್ತುತ್ತಿರಲಿಲ್ಲ. ಒಮ್ಮೊಮ್ಮೆ ಅವಳ ಮೇಲೆ ಹೊಟ್ಟೆಕಿಚ್ಚೂ ಬರುತ್ತಿತ್ತು. ಬದುಕಿರುವವಳು ನಾನಾದರೂ ಅಮ್ಮನ ಬೆನ್ನು ಒರಗಿದ್ದು ಯಾವಾಗಲೂ ಅವಳ ಕಡೆಗೆ.

ಅಪ್ಪ ಪಾಠ ಹೇಳುವಾಗ ಅಂಥ ಕೂಸುಗಳು ಹೋಗುವ ಜಾಗದ ಬಗ್ಗೆಯೂ ಹೇಳುತ್ತಿದ್ದರು. ಜ್ಞಾನಸ್ನಾನವಿಲ್ಲದೆ ಸತ್ತ ಕೂಸುಗಳಿಗೆ ನರಕವಿಲ್ಲ, ಮೋಕ್ಷವೂ ಇಲ್ಲ. ನಡುವೆ ಒಂದು ಜಾಗ. ಅಲ್ಲಿ ನೋವಿಲ್ಲ, ಆದರೆ ದೇವರ ಮುಖ ಕಾಣುವುದಿಲ್ಲ. ಯಾವತ್ತೂ ಕಾಣುವುದಿಲ್ಲ. ನಾವು ಮಕ್ಕಳು ರಾಗವಾಗಿ ಒಪ್ಪಿಸುತ್ತಿದ್ದೆವು. ಆ ಪಾಠ ಬಂದ ದಿನ ನಾನು ಬಾಯಿ ಮಾತ್ರ ಆಡಿಸಿ ಸ್ವರ ನುಂಗಿಕೊಳ್ಳುತ್ತಿದ್ದೆ.

ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ತೇವದ ಕಲೆ ಕಿಟಕಿಯ ದಂಡೆಯ ಹತ್ತಿರ ಬಂದಿತ್ತು. ಒಂದು ಭಾನುವಾರ ಎಲ್ಲರೂ ಹೋದ ಮೇಲೆ ಅಮ್ಮ ಅದರ ಮೇಲಂಚಿಗೆ ಬೆರಳಿಟ್ಟು, ಆಮೇಲೆ ಅದೇ ಬೆರಳನ್ನು ನನ್ನ ನೆತ್ತಿಗೆ ತಂದು ಎತ್ತರ ನೋಡಿದರು.

"ಬೆಳೀತಿದಾಳೆ ಕಣೇ," ಎಂದರು. "ನಿನಗಿಂತ ಒಂದು ಗೇಣು ಮುಂದಿದಾಳೆ."

ಹುಚ್ಚು ಮಾತು ಎಂದು ಈಗ ಯಾರಾದರೂ ಹೇಳಲಿ, ಅವತ್ತು ಆ ಗೋಡೆಯ ಮುಂದೆ ನಿಂತಿದ್ದರೆ ಅವರಿಗೂ ಬಾಯಿ ಬರುತ್ತಿರಲಿಲ್ಲ. ಮೇಲಂಚು ತಲೆಯ ಹಾಗೆ ದುಂಡಗಿತ್ತು.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಚಿಂತಾಮಣಿಯಲ್ಲಿ ಟೀಚರ್ ಕೆಲಸಕ್ಕೆ ಸೇರಿದ್ದೆ. ಶನಿವಾರ ಮಧ್ಯಾಹ್ನದ ಬಸ್ಸು ಹಿಡಿದು ಊರಿಗೆ ಬರುತ್ತಿದ್ದೆ. ಆ ಹೊತ್ತಿಗೆ ಹೊಸ ಫಾದರ್ ಬಂದಿದ್ದರು, ಎಳೆಯ ವಯಸ್ಸಿನವರು, ನಗುಮುಖ. ಅವರನ್ನು ಒಂದು ದಿನ ಯಾರ ಹೆಸರೂ ಎತ್ತದೆ ಕೇಳಿದೆ, ಜ್ಞಾನಸ್ನಾನವಾಗದ ಕೂಸುಗಳ ಗತಿ ಏನು ಎಂದು. ಈಗ ಅದನ್ನೆಲ್ಲ ಹಾಗೆ ಕಲಿಸುವುದಿಲ್ಲಮ್ಮ, ಅಂಥ ಮಕ್ಕಳನ್ನು ದೇವರ ಕರುಣೆಗೆ ಬಿಟ್ಟಿದ್ದೇವೆ ಎಂದರು. ನನಗೆ ಹಾರಿ ಕುಣಿಯುವಷ್ಟು ಸಂತೋಷ. ಓಡಿಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದರು. ಆ ಬಿದಿರ ತಟ್ಟೆಯಿಂದ ಕೈ ಎತ್ತಲಿಲ್ಲ.

"ಬಿಟ್ಟಿದಾರಂತಾ?" ಎಂದರು. "ನಾನು ಬಿಟ್ಟೆ. ಈಗ ಅವರೂ ಬಿಟ್ರಾ?"

ನಾನೂ ಪಕ್ಕದಲ್ಲಿ ಕೂತು ಗೂಡು ಬಿಡಿಸತೊಡಗಿದೆ. ಮತ್ತೆ ಆ ಮಾತು ಎತ್ತಲಿಲ್ಲ.

ಅದೇ ಫಾದರ್ ಚರ್ಚಿನ ರಿಪೇರಿಗೆ ಕೈ ಹಾಕಿದರು. ಜೆರುಸಲೇಮಿನ ಹೆಂಗಸರ ಚಿತ್ರದ ಗಾರೆ ಉಬ್ಬಿ, ಕಂಕುಳ ಕೂಸಿನ ಕಾಲು ಉದುರಿಹೋಗಿತ್ತು. ಸೂರಿನುದ್ದಕ್ಕೂ ತಗಡಿನ ದೋಣಿ ಕಟ್ಟಿದರೆ ಹೆಂಚಿನ ನೀರೆಲ್ಲ ಅದರಲ್ಲಿ ಹರಿದು ಮೂಲೆಯ ತೊಟ್ಟಿಗೆ ಬೀಳುತ್ತದೆ. ಗೋಡೆಯೂ ಉಳಿಯುತ್ತದೆ, ನೀರಿಲ್ಲದ ಊರಿಗೆ ನೀರೂ ಆಗುತ್ತದೆ ಎಂದು ಅಪ್ಪ ಸಲಹೆ ಕೊಟ್ಟರು. ಎಲ್ಲರೂ ಭೇಷ್ ಎಂದರು. ಬೋರ್‌ವೆಲ್ಲು ಬತ್ತಿದ ವರ್ಷ ಅದು, ಬೇಡ ಎನ್ನುವವರು ಯಾರು? ಅಮ್ಮ ಒಬ್ಬರೇ ಬೇಡ ಎಂದರು. ಯಾಕೆ ಎಂದು ಕೇಳಿದರೆ ಮತ್ತೆ ಬೇಡವೆಂದೇ. ಮನೆಯಲ್ಲಿ ಹೇಳಿದರು, ಫಾದರ್ ಹತ್ತಿರ ಹೇಳಿದರು, ಪೂಜೆ ಮುಗಿದ ಮೇಲೆ ಹೆಂಗಸರ ಮುಂದೆ ಹೇಳಿದರು. ಉಪದೇಶಿಯ ಹೆಂಡತಿಗೆ ತಲೆ ಕೆಟ್ಟಿದೆ ಎಂದು ಜನ ಆಡಿಕೊಂಡರು.

ಶಿಡ್ಲಘಟ್ಟದಿಂದ ತಗಡಿನ ಕೆಲಸದ ಸಾಬರು ಬಂದರು, ರೇಷ್ಮೆ ನೂಲು ತೆಗೆಯುವವರ ಒಲೆಗಳಿಗೆ ತಗಡು ಹೊಂದಿಸುವ ವಯಸ್ಸಾದ ಮನುಷ್ಯ. ಏಣಿ ಹಾಕಿ ಹತ್ತಿದ್ದಾರೆ, ಅಮ್ಮ ಹೋಗಿ ಏಣಿಯ ಕಾಲು ಹಿಡಿದುಕೊಂಡು ನಿಂತುಬಿಟ್ಟರು. ಸಾಬರು ಮೇಲಿನಿಂದ ನೋಡಿ, ಬೇಡ ಅಂದ್ರೆ ಇಳೀತೀನಿ ತಾಯಿ ಎಂದರು. ಅಷ್ಟರಲ್ಲಿ ಅಪ್ಪ ಬಂದರು. ಊರವರ ಮುಂದೆ ಅಮ್ಮನ ರಟ್ಟೆ ಹಿಡಿದು ಈಚೆ ಎಳೆದು, ಮಾನ ತೆಗೀಬೇಡ ನಡಿ ಎಂದರು. ನನ್ನ ನಾಲಿಗೆ ತುದಿಗೆ ಬಂದಿತ್ತು ಎಲ್ಲ. ಅಮ್ಮ ನನ್ನನ್ನು ನೋಡಿದ ನೋಟಕ್ಕೆ ಹಲ್ಲು ಕಚ್ಚಿಕೊಂಡೆ. ಅಗೆದು ತೆಗೀತಾನೆ ಎಂದಿದ್ದ ಅಜ್ಜಿಯ ಮಾತು ನಮ್ಮಿಬ್ಬರಿಗೂ ನೆನಪಿತ್ತು. ದೋಣಿ ಕಟ್ಟಿದರು.

ಆ ಬೇಸಿಗೆಯಲ್ಲಿ ಕಲೆ ಇಳಿಯತೊಡಗಿತು. ಮೊದಲು ತಲೆಯ ದುಂಡು ಹೋಯಿತು, ಆಮೇಲೆ ಭುಜ. ಗಾರೆ ಒಣಗಿ ಉಪ್ಪು ಬಿಟ್ಟು ಬೆಳ್ಳಗಾಯಿತು. ಊರೆಲ್ಲ ಅಪ್ಪನ ಬುದ್ಧಿಯನ್ನು ಹೊಗಳಿತು. ಶನಿವಾರ ನಾನು ಬಸ್ಸಿಳಿದರೆ ಅಮ್ಮ ಚರ್ಚಿನ ಬಾಗಿಲಲ್ಲೇ ಕಾದಿರುತ್ತಿದ್ದರು, ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಗೋಡೆ ಮುಟ್ಟಿಸುತ್ತಿದ್ದರು. ಒಣಗ್ತಿದಾಳೆ, ನೋಡು, ಒಣಗ್ತಿದಾಳೆ ಎನ್ನುತ್ತಿದ್ದರು. ಊಟ ಸೇರುತ್ತಿರಲಿಲ್ಲ, ಕಣ್ಣು ಗುಳಿ ಬಿದ್ದಿತ್ತು. ಎರಡನೆಯ ಸಲ ಸಾಯಿಸಿದೆ ಎಂದು ಒಂದು ದಿನ ತಮ್ಮಷ್ಟಕ್ಕೆ ಹೇಳಿಕೊಂಡರು. ಗೋಡೆ ಬೆಚ್ಚಗಾಗಿತ್ತು. ಆ ಬೆಚ್ಚನೆಯ ಗೋಡೆಗೆ ನಾನು ಹೆದರಿದಷ್ಟು ತಣ್ಣನೆಯ ಗೋಡೆಗೆ ಯಾವತ್ತೂ ಹೆದರಿರಲಿಲ್ಲ.

ಮುಂಗಾರಿನ ಮೊದಲ ಮಳೆ ಒಂದು ಶನಿವಾರ ಸಂಜೆಗೆ ಮುಂಚೆ ಬಂತು. ಜೋರು ಮಳೆ. ದೋಣಿಯಲ್ಲಿ ನೀರು ಭೋರೆಂದು ಹರಿದು ತೊಟ್ಟಿಗೆ ಸುರಿಯುತ್ತಿತ್ತು, ಗೋಡೆಯ ಬುಡದಲ್ಲಿ ಮಾತ್ರ ಧೂಳು ಹಾಗೇ ಇತ್ತು. ಅಮ್ಮ ಮನೆಯಿಂದ ಚೊಂಬು ಹಿಡಿದು ಓಡಿದರು, ಹಿಂದೆ ನಾನು, ನನ್ನ ಹಿಂದೆ ಕೊಡೆ ಹಿಡಿದು ಅಪ್ಪ. ಅಮ್ಮ ತೊಟ್ಟಿಯಿಂದ ಮೊಗೆದು ಮೊಗೆದು ತಂದು ಆ ಕಲ್ಲಿನ ಮೇಲೆ ಸುರಿಯುತ್ತಿದ್ದರು. ಕುಡಿಯೋ ನೀರನ್ನ ನೆಲಕ್ಕೆ ಹಾಕ್ತಿದೀಯಲ್ಲ, ನಿನಗೇನು ಬಂದಿದೆ ಎಂದು ಅಪ್ಪ ಕೂಗಿ ಚೊಂಬಿಗೆ ಕೈ ಹಾಕಿದರು.

"ಬಿಡ್ರಿ," ಎಂದರು ಅಮ್ಮ. "ಇಲ್ಲಿ ನಿಮ್ಮ ಮಗಳಿದಾಳೆ. ಕೆರೆ ಏರಿ ಹತ್ರ ಅಲ್ಲ, ಇಲ್ಲಿ. ಅವತ್ತು ನೀರಿತ್ತು, ಮಾತು ಗೊತ್ತಿತ್ತು. ನನ್ನ ಮೈ ಮೈಲಿಗೆ ಆಗಿತ್ತು ಅಂತ ಹಾಕಲಿಲ್ಲ. ಈಗ ಬೀಳೋ ನೀರೂ ನೀವು ಕಿತ್ಕೊಂಡ್ರಿ. ಬೇಕಿದ್ರೆ ಅಗೆದು ತೆಗೀರಿ, ನನ್ನೂ ಜೊತೆಗೆ ಹೂಳಿ."

ಅಪ್ಪನ ಕೈಯಿಂದ ಕೊಡೆ ಜಾರಿತು. ಮಳೆಯಲ್ಲಿ ನಿಂತು ಆ ಕಲ್ಲನ್ನೇ ನೋಡಿದರು. ಆಮೇಲೆ ಮನೆಗೆ ನಡೆದರು. ಹುಳುಮನೆಯ ಬಾಗಿಲ ಮುಂದೆ, ಒದ್ದೆ ಬಟ್ಟೆಯಲ್ಲೇ, ಹೊಸಿಲು ನೋಡುತ್ತ ಬಹಳ ಹೊತ್ತು ಕೂತಿದ್ದರು. ನಾನು ಬೈಯಲು ತಯಾರಾಗಿಯೇ ಹೋಗಿದ್ದೆ. ಅವರ ಮುಖ ನೋಡಿ ಬೈಗುಳ ಬಾಯಲ್ಲೇ ಉಳಿಯಿತು. ಆ ವಾರವೆಲ್ಲ ಸಂಜೆಯ ಜಪಕ್ಕೂ ಅವರು ಹೋಗಲಿಲ್ಲ, ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದರು. ಅಮ್ಮ ಮಾತ್ರ ದಿನಾ ಹೋಗಿ ಕಲ್ಲಿನ ಪಕ್ಕ ಕೂತು ಬರುತ್ತಿದ್ದರು, ಗುದ್ದಲಿ ಹಿಡಿದು ಯಾರಾದರೂ ಬಂದಾರು ಎಂದು.

ಮುಂದಿನ ಶನಿವಾರ ನಾನು ಬಂದಾಗ ಅಪ್ಪ ಏಣಿ ಹಿಡಿಯಲು ಕರೆದರು. ಕೈಯಲ್ಲಿದ್ದದ್ದು ಗುದ್ದಲಿಯಲ್ಲ, ಸುತ್ತಿಗೆ, ದಪ್ಪ ಮೊಳೆ. ನೋವಿನ ಮಂಡಿಯನ್ನು ಎಳೆದುಕೊಂಡು ಹತ್ತಿ, ಮೂರನೆಯ ಕಿಟಕಿಯ ನೇರಕ್ಕೆ ದೋಣಿಯ ತಳದಲ್ಲಿ ತೂತು ಹೊಡೆದರು. ಒಂದು ಹೊಡೆದರು, ಸಾಲದು ಎನಿಸಿ ಅದನ್ನೇ ತಿರುವಿ ತಿರುವಿ ದೊಡ್ಡದು ಮಾಡಿದರು. ಇಳಿದು ಬಂದು, ಫಾದರ್ ಕೇಳಿದ್ರೆ ತುಕ್ಕು ಹಿಡೀತು ಅನ್ನು ಎಂದರು. ಹೊಸ ತಗಡಿಗೆ ತುಕ್ಕು! ಹುಟ್ಟಿದಾಗಿನಿಂದ ಸುಳ್ಳು ಹೇಳಬಾರದು ಎಂದು ನನ್ನ ಕಿವಿ ಹಿಂಡಿದ ಮನುಷ್ಯ. ನನಗೆ ನಗುವೂ ಬಂತು, ಅಳುವೂ ಬಂತು.

ಮಳೆಯೋ, ನಮ್ಮ ಸೀಮೆಯ ಮಳೆ, ಕರೆದರೆ ಬರುವುದಲ್ಲ. ತಿಂಗಳುಗಟ್ಟಲೆ ಮೋಡ ಬಂದು ಬಂದು ಮುಖ ತೋರಿಸಿ ಹೋಯಿತು. ಅಪ್ಪ ದಿನಾ ಆಕಾಶ ನೋಡುತ್ತಿದ್ದರು, ನೋಡಿದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ. ಅಮ್ಮ ಮತ್ತೆ ಗೋಡೆಗೆ ಒರಗಿ ಕೂರುತ್ತಿದ್ದರು, ಆದರೆ ಸೀರೆಯ ಬೆನ್ನು ಒಣಗಿರುತ್ತಿತ್ತು. ಜಪಮಾಲೆಯ ತಿಂಗಳಾದ ಅಕ್ಟೋಬರಿನಲ್ಲಿ ದಿನಾ ಸಂಜೆ ಚರ್ಚಿನಲ್ಲಿ ಜಪ. ದಸರೆಯ ರಜೆಯೆಂದು ನಾನೂ ಊರಲ್ಲಿದ್ದೆ. ಅಪ್ಪ ಪೀಠದ ಮುಂದೆ ಮೊಣಕಾಲೂರಿ ಜಪ ಹೇಳಿಸುತ್ತಿದ್ದಾಗ ಹೆಂಚಿನ ಮೇಲೆ ಮೊದಲ ಹನಿಗಳು ಬಿದ್ದವು. ಸ್ವಲ್ಪ ಹೊತ್ತಿಗೆ ಮಳೆ ಹಿಡಿಯಿತು. ಮೂರನೆಯ ಕಿಟಕಿಯ ಆಚೆ, ಒಂದು ಕಡೆ ಮಾತ್ರ, ನೀರು ಕಲ್ಲಿನ ಮೇಲೆ ಧಾರೆಯಾಗಿ ಬೀಳುವ ಸದ್ದು ಒಳಗಿನ ಎಲ್ಲರಿಗೂ ಕೇಳಿಸಿತು.

ಅಪ್ಪ ಜಪದ ನಡುವೆ ನಿಲ್ಲಿಸಿದರು. ಜಪವನ್ನು ಅರ್ಧಕ್ಕೆ ಬಿಟ್ಟದ್ದು ಅವರ ಜೀವಮಾನದಲ್ಲೇ ಇಲ್ಲ. ಮುಂದುವರಿಸಿ ಎಂದು ಯಾರಿಗೋ ಕೈಸನ್ನೆ ಮಾಡಿ ಎದ್ದು, ಗಂಡಸರ ಸಾಲು ದಾಟಿ ಹೆಂಗಸರ ಕಡೆ ಬಂದು, ಅಮ್ಮನ ಮುಂದೆ ನಿಂತರು. ಬಾ ಎಂದರು. ನಾನೂ ಹಿಂದೆಯೇ ಹೋದೆ. ಹೊರಗೆ ಇನ್ನೂ ಬೆಳಕಿತ್ತು. ತೂತಿನಿಂದ ಇಳಿಯುವ ಧಾರೆ ಕಲ್ಲಿನ ನಡುಮಧ್ಯಕ್ಕೆ ಬೀಳುತ್ತಿತ್ತು. ಅಪ್ಪ ಕೆಸರಿನಲ್ಲಿ ಮೊಣಕಾಲೂರಿದರು. ಸತ್ತವರಿಗೆ ಜ್ಞಾನಸ್ನಾನವಿಲ್ಲ ಎಂದು ನನಗೆ ಕಲಿಸಿದವರೂ ಅವರೇ. ಆದರೂ ಈಗ ಅವರೇ ಕೊಡುತ್ತಾರೆ ಎಂದುಕೊಂಡೆ. ಅಮ್ಮನೂ ಹಾಗೆಯೇ ತಿಳಿದು ಕೈ ಮುಗಿದು ಪಕ್ಕದಲ್ಲಿ ಕೂತರು.

"ನಾನಲ್ಲ," ಎಂದರು ಅಪ್ಪ. "ನೀನು ಹೇಳು."

"ನಾನಾ?"

"ನೀರು ನೀನೇ ಹಾಕು. ಮಾತೂ ನೀನೇ ಹೇಳು. ಹೆಸರಿಟ್ಟು ಹೇಳಬೇಕು."

ಅಮ್ಮ ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ಬೊಗಸೆಯೊಡ್ಡಿ ಧಾರೆಯನ್ನು ಹಿಡಿದು ಕಲ್ಲಿನ ಮೇಲೆ ಬಿಟ್ಟರು. ಹೆಸರು ಹೇಳಿದರು. ಅಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಹೆಸರು. ಮಳೆಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ, ಅಪ್ಪನಿಗೆ ಕೇಳಿಸಿತು, ಅದನ್ನೇ ತುಟಿಯಲ್ಲಿ ಒಮ್ಮೆ ಹೇಳಿಕೊಂಡರು. ಪಿತನ, ಸುತನ ಎಂದರು ಅಮ್ಮ. ತಡವರಿಸಿದರು. ಬಾಯಿಪಾಠವಿದ್ದ ಆ ಒಂದು ಸಾಲು ಹೇಗೋ ಹಿಂದುಮುಂದಾಗಿ, ನಡುವೆ ಮಾತು ಬಿಟ್ಟುಹೋಗಿ, ಅಂತೂ ಮುಗಿಯಿತು.

ನಾನು ಅಭ್ಯಾಸಬಲದಿಂದ ಅಪ್ಪನ ಕಡೆ ನೋಡಿದೆ. ಈಗ ನಿಲ್ಲಿಸುತ್ತಾರೆ, ಮೊದಲಿನಿಂದ ಹೇಳಿಸುತ್ತಾರೆ ಎಂದು ಕಾದೆ. ಅಪ್ಪ ತಲೆಯ ಮೇಲಿನ ಮಳೆನೀರನ್ನೂ ಒರೆಸಿಕೊಳ್ಳದೆ, ಕೈ ಮುಗಿದು, ಆಮೆನ್ ಎಂದರು.